ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಇನ್‌ಸ್ಟಾಲ್ ಮಾಡುವ ಮುಂಚೆ ಏನೇನು ಮಾಡಿಕೊಳ್ಳಬೇಕು?

ಹೊಸಹೆಜ್ಜೆ:
ನಮಸ್ಕಾರ. ನನ್ನ ಹತ್ತಿರ ಇರುವುದು ವಿಂಡೋಸ್ 11 ಲ್ಯಾಪ್‌ಟಾಪ್. 16 ಜಿಬಿ ರ‍್ಯಾಮ್, 512 ಜಿಬಿಯ ಒಂದೇ ಎಸ್‌ಎಸ್‌ಡಿ. ಪ್ರೋಗ್ರಾಮಿಂಗ್ ಕಲಿಯಲು ಉಬುಂಟು ಲಿನಕ್ಸ್ ಬೇಕಾಗಿದೆ. ವಿಂಡೋಸ್ ತೆಗೆಯುವ ಹಾಗಿಲ್ಲ, ಯಾಕೆಂದರೆ ಇದೇ ಲ್ಯಾಪ್‌ಟಾಪ್‌ನಲ್ಲಿ ಅಕ್ಕ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ, ಅವಳ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅವಳ ಫೈಲ್ ಒಂದೂ ಹೋಗಬಾರದು. ವಿಡಿಯೋಗಳಲ್ಲಿ ಎಲ್ಲರೂ ನೇರವಾಗಿ ಪೆನ್‌ಡ್ರೈವ್ ಹಾಕಿ ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾರೆ. ಅದಕ್ಕೂ ಮುಂಚೆ ಮಾಡಿಕೊಳ್ಳಬೇಕಾದ್ದು ಏನಾದರೂ ಇದೆಯಾ? ಇನ್ನೂ ಏನನ್ನೂ ಮುಟ್ಟಿಲ್ಲ.

ಟರ್ಮಿನಲ್‌ಗೆಳೆಯ:
ಮುಟ್ಟುವ ಮುಂಚೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ತಯಾರಿಗೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಒಬ್ಬೊಬ್ಬರ ಜಾಗವನ್ನು ಅವರವರೇ ಮುಟ್ಟಲಿ. ವಿಂಡೋಸ್‌ನ ಜಾಗ ಕಡಿಮೆ ಮಾಡಬೇಕಾದರೆ ವಿಂಡೋಸ್ ಒಳಗಿಂದಲೇ ಮಾಡಿ. ಲಿನಕ್ಸ್‌ಗೆ ಬೇಕಾದ ಪಾರ್ಟಿಷನ್‌ಗಳನ್ನು (ಡಿಸ್ಕ್‌ನ ಭಾಗಗಳನ್ನು) ಲಿನಕ್ಸ್ ಇನ್‌ಸ್ಟಾಲರ್‌ನಿಂದಲೇ ಮಾಡಿ. ಇದೊಂದನ್ನು ಪಾಲಿಸಿದರೆ ಅರ್ಧಕ್ಕರ್ಧ ತೊಂದರೆ ಬರುವುದೇ ಇಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಅಕ್ಕನ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಅದೇ ಎಸ್‌ಎಸ್‌ಡಿಯ ಇನ್ನೊಂದು ಪಾರ್ಟಿಷನ್‌ಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಕಾಪಿ ಆದಮೇಲೆ ಬೇರೆ ಕಂಪ್ಯೂಟರಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ, ತೆರೆದುಕೊಂಡರೆ ಮಾತ್ರ ಮುಂದೆ ಹೋಗಿ. ಆಮೇಲೆ ವಿಂಡೋಸ್‌ನದೇ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದು ಮಾಡಿ ಎತ್ತಿಡಿ. ವಿಂಡೋಸ್ ಬೂಟ್ ಆಗುತ್ತಿರುವಾಗ ಅದನ್ನು ಮಾಡುವುದು ಸುಲಭ, ನಿಂತುಹೋದ ಮೇಲೆ ಬೇರೆಯವರ ಕಂಪ್ಯೂಟರ್ ಹುಡುಕಬೇಕಾಗುತ್ತದೆ.

ಮೂರನೆಯದು, ಯಂತ್ರ ಯಾವ ರೀತಿ ಬೂಟ್ ಆಗುತ್ತಿದೆ ಅಂತ ತಿಳಿದುಕೊಳ್ಳುವುದು. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಅಂತ ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಯುಇಎಫ್‌ಐ (ಬೂಟ್ ಆಗುವ ಹೊಸ ವಿಧಾನ) ಅಂತ ಇದ್ದರೆ ಪೆನ್‌ಡ್ರೈವ್ ಕೂಡ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಆಗಬೇಕು. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ (ಹಳೆಯ ವಿಧಾನ) ಅಂತಾದರೆ ಎರಡೂ ಒಂದೇ ಮೆನುವಿನಲ್ಲಿ ಸೇರುವುದಿಲ್ಲ. ನಿಮ್ಮದು ವಿಂಡೋಸ್ 11 ಆದ್ದರಿಂದ ಯುಇಎಫ್‌ಐ ಇರುತ್ತದೆ, ಆದರೂ ಕಣ್ಣಾರೆ ನೋಡಿ.

ನಾಲ್ಕನೆಯದು ಫಾಸ್ಟ್ ಸ್ಟಾರ್ಟಪ್. ಇದು ವಿಂಡೋಸ್ 8 ಬಂದಾಗಿನಿಂದ ಇದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಕರ್ನಲ್ (ಸಿಸ್ಟಮ್‌ನ ತಿರುಳು) ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಹೋಗುತ್ತದೆ. ಅಂದರೆ ಸಿ ಡ್ರೈವ್ ಇನ್ನೂ ತನ್ನ ಕೈಯಲ್ಲೇ ಇದೆ ಅಂತ ಅದರ ಲೆಕ್ಕ. ಆ ಹೊತ್ತಲ್ಲಿ ಲಿನಕ್ಸ್‌ನಿಂದ ಅದರೊಳಗೆ ಏನಾದರೂ ಬರೆದರೆ ಲೆಕ್ಕ ತಪ್ಪುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಹೈಬರ್ನೇಷನ್ (ತೆರೆದಿದ್ದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಮಲಗುವುದು) ಆಫ್ ಮಾಡಿಬಿಟ್ಟರೆ ಫಾಸ್ಟ್ ಸ್ಟಾರ್ಟಪ್ ಕೂಡ ಜೊತೆಗೇ ಹೋಗುತ್ತದೆ. ಕಮಾಂಡ್ ಹೆಸರು ಪವರ್‌ಸಿಎಫ್‌ಜಿ, ಅದರ ಮುಂದೆ ಸ್ಲ್ಯಾಶ್ ಹೆಚ್, ಆಮೇಲೆ ಆಫ್. ಡಿಸ್ಕ್‌ನಲ್ಲಿ ಕೆಲವು ಜಿಬಿ ಜಾಗವೂ ಉಳಿಯುತ್ತದೆ.

ಐದನೆಯದು ಎನ್‌ಕ್ರಿಪ್ಷನ್, ಅಂದರೆ ಡಿಸ್ಕ್‌ಗೆ ಹಾಕುವ ಬೀಗ. ಅದರ ಬಗ್ಗೆ ಕಪ್ಪುಪರದೆಯವರು ಬರೆದರೆ ಒಳ್ಳೆಯದು, ಅವರು ಅನುಭವಿಸಿದ್ದಾರೆ.

ಕಪ್ಪುಪರದೆ:
ಬರೆಯುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಆ ಬೀಗ, ಬಿಟ್‌ಲಾಕರ್, ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾನು ಆನ್ ಮಾಡಿರಲಿಲ್ಲ. ಲಿನಕ್ಸ್ ಹಾಕೋಣ ಅಂತ ಫರ್ಮ್‌ವೇರ್ (ಬಯಾಸ್) ಸೆಟ್ಟಿಂಗ್‌ಗೆ ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಲೋಡರ್ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ. ನೀಲಿ ಪರದೆ ಬಂತು. ರಿಕವರಿ ಕೀ ಕೊಡಿ ಅಂತ ಒಂದು ಉದ್ದನೆಯ ಖಾಲಿ ಪೆಟ್ಟಿಗೆ. ಆ ಕೀ 48 ಅಂಕಿ ಇರುತ್ತದೆ, ಆರಾರು ಅಂಕಿಯ ಎಂಟು ಗುಂಪು. ನನ್ನ ಹತ್ತಿರ ಒಂದು ಅಂಕಿಯೂ ಇರಲಿಲ್ಲ. ತಮ್ಮನ ಪ್ರಾಜೆಕ್ಟ್ ವರದಿ ಅದರಲ್ಲಿತ್ತು, ಮಾರನೇ ದಿನ ಕೊಡಬೇಕಿತ್ತು. ಅವನು ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದ, ಒಂದು ಮಾತೂ ಆಡಲಿಲ್ಲ. ಅದು ನನಗೆ ಈಗಲೂ ನೆನಪಿದೆ.

ಆಮೇಲೆ ಮೊಬೈಲಿನಿಂದ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿದೆ. ಮೊದಲ ಖಾತೆಯಲ್ಲಿ ಇರಲಿಲ್ಲ. ಲ್ಯಾಪ್‌ಟಾಪ್ ತಂದ ದಿನ ತಮ್ಮನ ಖಾತೆಯಿಂದ ಸೆಟಪ್ ಮಾಡಿದ್ದೆವು, ಕೀ ಅಲ್ಲಿತ್ತು. ಪರದೆಯ ಮೇಲೆ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದಿಸಿಕೊಂಡು, ಸರಿಯಾದ ಕೀ ಹುಡುಕಿ, ಒಂದೊಂದೇ ಅಂಕಿ ಒತ್ತಿದೆವು. ಬೂಟ್ ಆಯಿತು. ಆ ಖಾತೆಯ ಪಾಸ್‌ವರ್ಡ್ ಅವನು ಮರೆತಿದ್ದರೆ ವರದಿ ಹೋಗಿಯೇಬಿಡುತ್ತಿತ್ತು.

ಆದ್ದರಿಂದ ಹೊಸಹೆಜ್ಜೆ, ಈಗಲೇ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಅದೂ ಬಿಟ್‌ಲಾಕರೇ) ಆನ್ ಇದೆಯಾ ನೋಡಿ. ವಿಂಡೋಸ್ 11ರ 24ಹೆಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದ ಯಂತ್ರಗಳಲ್ಲಿ ಅದು ತಾನಾಗಿಯೇ ಆನ್ ಆಗುತ್ತದೆ. ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೌದು, ಕಾಗದದ ಮೇಲೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ.

ಹೊಸಹೆಜ್ಜೆ:
ನೋಡಿದೆ, ಆನ್ ಇದೆ! ನನಗೂ ಗೊತ್ತಿರಲಿಲ್ಲ. ಕೀ ಅಕ್ಕನ ಖಾತೆಯಲ್ಲಿದೆ. ಬರೆದಿಟ್ಟುಕೊಂಡೆ, ಎರಡು ಸಲ ಓದಿ ಹೊಂದಿಸಿದೆ. ಇದನ್ನು ಆಫ್ ಮಾಡಬೇಕಾ ಅಥವಾ ಹಾಗೇ ಬಿಡಬಹುದಾ?

ಟರ್ಮಿನಲ್‌ಗೆಳೆಯ:
ತಯಾರಿಯ ಹೊತ್ತಿಗೆ ಆಫ್ ಮಾಡಿ. ಹೋಮ್ ಆವೃತ್ತಿಯ ಸೆಟ್ಟಿಂಗ್ಸ್‌ನಲ್ಲಿ ಆನ್ ಅಥವಾ ಆಫ್ ಅಷ್ಟೇ ಇರುತ್ತದೆ, ಪ್ರೋ ಆದರೆ ಸಸ್ಪೆಂಡ್ ಮಾಡುವ ಆಯ್ಕೆ ಇದೆ. ಆದರೆ ಸಸ್ಪೆಂಡ್ ಸಾಮಾನ್ಯವಾಗಿ ಒಂದು ರೀಸ್ಟಾರ್ಟ್‌ಗೆ ಮಾತ್ರ. ನೀವು ನಾಲ್ಕಾರು ಸಲ ರೀಸ್ಟಾರ್ಟ್ ಮಾಡುತ್ತೀರಿ. ಆಫ್ ಮಾಡಿದ ತಕ್ಷಣ ಡಿಕ್ರಿಪ್ಟ್ ಆಗಲು ಶುರುವಾಗುತ್ತದೆ, ಅದು ಪೂರ್ತಿ ಮುಗಿಯುವ ತನಕ ಕಾಯಿರಿ. ಚಾರ್ಜರ್ ಹಾಕಿಯೇ ಇರಲಿ. ಎಲ್ಲಾ ಮುಗಿದಮೇಲೆ ಮತ್ತೆ ಆನ್ ಮಾಡಿ, ಅಕ್ಕನ ಲೆಕ್ಕಪತ್ರ ಇರುವ ಯಂತ್ರ ಅಲ್ವಾ, ಬೀಗವಿಲ್ಲದೆ ಬಿಡಬೇಡಿ. ಮತ್ತೆ ಆನ್ ಮಾಡಿದಾಗ ಹೊಸ ಕೀ ಬರುತ್ತದೆ, ಹಳೆಯ ಕಾಗದ ಕೆಲಸಕ್ಕೆ ಬರುವುದಿಲ್ಲ. ಅದನ್ನೂ ಬರೆದುಕೊಳ್ಳಿ.

ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಇಲ್ಲ. ಉಬುಂಟು, ಫೆಡೋರಾ, 2019ರ ಡೆಬಿಯನ್ 10ರಿಂದ ಡೆಬಿಯನ್ ಕೂಡ, ಶಿಮ್ ಅನ್ನುವ ಸಹಿ ಹಾಕಿದ ಪುಟ್ಟ ಲೋಡರ್ ಇಟ್ಟುಕೊಂಡೇ ಬರುತ್ತವೆ.

ಹೊಸಹೆಜ್ಜೆ:
ಡಿಕ್ರಿಪ್ಟ್ ಆಯಿತು. ಈಗ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದೆ. ನನ್ನ 512 ಜಿಬಿ ಅಲ್ಲಿ 476 ಅಂತ ಕಾಣುತ್ತದೆ, ಅದರಲ್ಲಿ 310 ಖಾಲಿ ಇದೆ. ಆದರೆ ಕಡಿಮೆ ಮಾಡಲು ಕೊಡುತ್ತಿರುವುದು 21,000 ಚಿಲ್ಲರೆ ಎಂಬಿ ಮಾತ್ರ! ಅಂದರೆ ಸುಮಾರು 21 ಜಿಬಿ. ಉಳಿದ ಜಾಗ ಎಲ್ಲಿ ಹೋಯಿತು?

ರಾತ್ರಿಪಾಳಿ:
ಎಲ್ಲೂ ಹೋಗಿಲ್ಲ. 476 ಅಂತ ಕಾಣುವುದು ಎಣಿಕೆಯ ವ್ಯತ್ಯಾಸ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 21 ಜಿಬಿಯ ಕಥೆ ಬೇರೆ. ಒಂದು ಉದ್ದನೆಯ ಬೆಂಚು ಅಂದುಕೊಳ್ಳಿ. ಮುಕ್ಕಾಲು ಪಾಲು ಖಾಲಿ ಇದೆ, ಆದರೆ ಕೊನೆಯ ತುದಿಯ ಹತ್ತಿರ ಯಾರೋ ಒಬ್ಬರು ಕೂತು ಏಳುತ್ತಿಲ್ಲ. ಬೆಂಚನ್ನು ಅವರ ಆಚೆಗೆ ಮಾತ್ರ ಕತ್ತರಿಸಬಹುದು. ವಿಂಡೋಸ್ ಓಡುತ್ತಿರುವಾಗ ಕೆಲವು ಫೈಲ್‌ಗಳನ್ನು ಅದು ಕದಲಿಸುವುದಿಲ್ಲ: ಹೈಬರ್ನೇಷನ್ ಫೈಲ್, ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್), ಸಿಸ್ಟಮ್ ರಿಸ್ಟೋರ್‌ನ ಹಳೆಯ ಪ್ರತಿಗಳು.

ಯಾರು ಕೂತಿದ್ದಾರೆ ಅಂತ ನೋಡಲೂ ಬರುತ್ತದೆ. ಶ್ರಿಂಕ್ ಒತ್ತಿದ ಮೇಲೆ ಇವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಷನ್, ಅಲ್ಲಿ 259 ನಂಬರಿನ ಇವೆಂಟ್ ಹುಡುಕಿ. ಕದಲಿಸಲಾಗದ ಕೊನೆಯ ಫೈಲ್ ಯಾವುದು ಅಂತ ಹೆಸರು ಸಮೇತ ಬರೆದಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ವಿಂಡೋಸನ್ನೇ ಅಳಿಸಿ ಮತ್ತೆ ಹಾಕುತ್ತಾರೆ.

ಹೈಬರ್ನೇಷನ್ ಆಗಲೇ ಆಫ್ ಆಗಿದೆ. ಪೇಜ್ ಫೈಲ್ ತಾತ್ಕಾಲಿಕವಾಗಿ ಬೇಡ ಅಂತ ಮಾಡಿ, ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ ಹಳೆಯ ರಿಸ್ಟೋರ್ ಪಾಯಿಂಟ್ ಅಳಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಜಾಗ ಸಿಕ್ಕ ಮೇಲೆ ಪೇಜ್ ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಷನ್ ಎರಡನ್ನೂ ವಾಪಸ್ ಆನ್ ಮಾಡಲು ಮರೆಯಬೇಡಿ.

ಹೊಸಹೆಜ್ಜೆ:
259 ನೋಡಿದೆ. ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಫೋಲ್ಡರ್ ಒಳಗಿನ ಏನೋ ಒಂದು ಉದ್ದ ಹೆಸರಿನ ಫೈಲ್. ಅಂದರೆ ರಿಸ್ಟೋರ್ ಪಾಯಿಂಟ್. ನೀವು ಹೇಳಿದ ಹಾಗೆ ಮಾಡಿದೆ. ಈಗ 1,52,000 ಎಂಬಿಯಷ್ಟು ಸಿಗುತ್ತಿದೆ. ಎಷ್ಟು ತೆಗೆಯಲಿ? ಹೋಮ್‌ಗೆ (ನಮ್ಮ ಫೈಲ್ ಇರುವ ಫೋಲ್ಡರ್) ಬೇರೆ ಪಾರ್ಟಿಷನ್ ಮಾಡಬೇಕು ಅಂತ ಒಂದು ಕಡೆ ಓದಿದೆ, ಸ್ವಾಪ್ (ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಡಿಸ್ಕ್ ಜಾಗ) ರ‍್ಯಾಮ್‌ನ ಎರಡರಷ್ಟು ಇರಬೇಕು ಅಂತ ಇನ್ನೊಂದು ಕಡೆ.

ಟರ್ಮಿನಲ್‌ಗೆಳೆಯ:
120 ಜಿಬಿ ತೆಗೆಯಿರಿ. ಪೆಟ್ಟಿಗೆಯಲ್ಲಿ ಎಂಬಿ ಲೆಕ್ಕದಲ್ಲಿ ಬರೆಯಬೇಕು, ಆದ್ದರಿಂದ 1,22,880. ಅಲ್ಪವಿರಾಮ ಹಾಕದೆ ಬರೆಯಿರಿ. ಉಬುಂಟುಗೆ 25 ಜಿಬಿ ಸಾಕು ಅಂತ ಹೇಳುತ್ತಾರೆ, ಇನ್‌ಸ್ಟಾಲ್ ಆಗಲು ಸಾಕು ನಿಜ. ಪ್ರೋಗ್ರಾಮಿಂಗ್ ಶುರು ಮಾಡಿ ನಾಲ್ಕು ಕಂಟೇನರ್ (ಪ್ರೋಗ್ರಾಂಗಳ ಸಿದ್ಧ ಪೊಟ್ಟಣ) ಇಳಿಸಿಕೊಂಡರೆ ಅದು ತುಂಬಿಹೋಗುತ್ತದೆ. ತೆಗೆದ ಜಾಗವನ್ನು ಅನ್‌ಅಲೊಕೇಟೆಡ್ ಅಂತಲೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡಿ ಅಕ್ಷರ ಕೊಡಲು ಹೋಗಬೇಡಿ, ಅದು ಇನ್‌ಸ್ಟಾಲರ್‌ನ ಕೆಲಸ.

ಸ್ವಾಪ್ ಎರಡರಷ್ಟು ಅನ್ನುವುದು ರ‍್ಯಾಮ್ ತುಂಬಾ ಕಡಿಮೆ ಇದ್ದ ಕಾಲದ ಮಾತು. ಉಬುಂಟು ತಾನೇ ಒಂದು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಹೈಬರ್ನೇಟ್ ಬೇಕು ಅಂದರೆ ಮಾತ್ರ ರ‍್ಯಾಮ್‌ನಷ್ಟು ಸ್ವಾಪ್ ಇಟ್ಟುಕೊಳ್ಳಿ. ಎರಡು ಸಿಸ್ಟಮ್ ಇರುವ ಯಂತ್ರದಲ್ಲಿ ಹೈಬರ್ನೇಟ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

ರಾತ್ರಿಪಾಳಿ:
ಹೋಮ್ ಬೇರೆ ಇಡುವುದರ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ಬೇರೆ ಇದ್ದರೆ ನಾಳೆ ಉಬುಂಟು ಬದಲು ಫೆಡೋರಾ ಹಾಕಿದರೂ ನಿಮ್ಮ ಫೈಲ್ ಉಳಿಯುತ್ತದೆ. ನಾನು ಹತ್ತು ವರ್ಷದಿಂದ ಹಾಗೇ ಇಟ್ಟಿದ್ದೇನೆ.

ಟರ್ಮಿನಲ್‌ಗೆಳೆಯ:
120 ಜಿಬಿಯಲ್ಲಿ ಅದನ್ನು ಒಡೆದರೆ ಒಂದು ಕಡೆ ತುಂಬುತ್ತದೆ, ಇನ್ನೊಂದು ಕಡೆ ಖಾಲಿ ಇರುತ್ತದೆ. 500 ಜಿಬಿ ಇದ್ದವರಿಗೆ ನಿಮ್ಮ ಮಾತು ಸರಿ. ಮೊದಲ ಸಲ ಮಾಡುವವರಿಗೆ ಒಂದೇ ಎಕ್ಸ್‌ಟ್4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಷನ್ ಸಾಕು.

ರಾತ್ರಿಪಾಳಿ:
ಸರಿ, ಈ ಅಳತೆಗೆ ಒಪ್ಪುತ್ತೇನೆ.

ಎರಡುಡಿಸ್ಕ್:
ಮಧ್ಯೆ ಒಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ಎರಡನೇ ಎಸ್‌ಎಸ್‌ಡಿ ಹಾಕುವ ಜಾಗ ಇದ್ದರೆ ಈ ಶ್ರಿಂಕ್ ಗೋಜೇ ಬೇಡ. ನಾನು ಹಾಗೆ ಮಾಡಿಕೊಂಡಿದ್ದೇನೆ. ಆದರೆ ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕನ್ನು ಬಿಚ್ಚಿಡಿ, ಇಲ್ಲವೇ ಫರ್ಮ್‌ವೇರ್‌ನಲ್ಲಿ ಆಫ್ ಮಾಡಿ. ನಾನು ಬಿಚ್ಚಿರಲಿಲ್ಲ. ಲಿನಕ್ಸ್ ಎರಡನೇ ಡಿಸ್ಕ್‌ನಲ್ಲಿ ಕೂತಿತು, ಅದರ ಬೂಟ್‌ಲೋಡರ್ (ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂ) ಮಾತ್ರ ಮೊದಲ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ (ಬೂಟ್ ಫೈಲ್ ಇರುವ ಭಾಗ) ಹೋಯಿತು. ಆರು ತಿಂಗಳ ಮೇಲೆ ಮೊದಲ ಡಿಸ್ಕ್ ಬದಲಾಯಿಸಿದಾಗ ಎರಡೂ ಏಳಲಿಲ್ಲ.

ಹೊಸಹೆಜ್ಜೆ:
ನನ್ನದರಲ್ಲಿ ಒಂದೇ ಜಾಗ ಇದೆ. 1,22,880 ಕೊಟ್ಟೆ, ಆಯಿತು. ಕಪ್ಪು ಪಟ್ಟಿಯಲ್ಲಿ 120 ಜಿಬಿ ಅನ್‌ಅಲೊಕೇಟೆಡ್ ಅಂತ ಕಾಣುತ್ತಿದೆ. ವಿಂಡೋಸ್ ರೀಸ್ಟಾರ್ಟ್ ಮಾಡಿ ನೋಡಿದೆ, ಚೆನ್ನಾಗಿದೆ. ಉಬುಂಟುವಿನ ಐಎಸ್‌ಒ ಫೈಲ್ ಇಳಿಸಿದೆ, ಅದು ಕೆಟ್ಟಿಲ್ಲ ಅಂತ ಶಾ256 ಮೊತ್ತ ಹೊಂದಿಸಿ ನೋಡಿದೆ, ರೂಫಸ್ ಅನ್ನುವ ಟೂಲ್‌ನಲ್ಲಿ ಜಿಪಿಟಿ (ಪಾರ್ಟಿಷನ್ ಪಟ್ಟಿಯ ಹೊಸ ವಿಧಾನ), ಯುಇಎಫ್‌ಐ ಆರಿಸಿ ಪೆನ್‌ಡ್ರೈವ್ ಮಾಡಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲೈವ್ ಬೂಟ್ ಆಯಿತು! ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಕೆಲಸ ಮಾಡುತ್ತಿದೆ. ಆದರೆ ಇನ್‌ಸ್ಟಾಲರ್ ತೆರೆದರೆ ನನ್ನ ಎಸ್‌ಎಸ್‌ಡಿಯೇ ಇಲ್ಲ. ಪಟ್ಟಿಯಲ್ಲಿ ಪೆನ್‌ಡ್ರೈವ್ ಒಂದೇ ಇದೆ. ಡಿಸ್ಕ್ ಹಾಳಾಯಿತಾ? ಕೈ ನಡುಗುತ್ತಿದೆ.

ಟರ್ಮಿನಲ್‌ಗೆಳೆಯ:
ಹಾಳಾಗಿಲ್ಲ, ಧೈರ್ಯವಾಗಿರಿ. ಇಂಟೆಲ್ ಪ್ರೊಸೆಸರ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಫ್ಯಾಕ್ಟರಿಯಿಂದಲೇ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿ (ಹಲವು ಡಿಸ್ಕ್ ಒಟ್ಟಿಗೆ ನಿಭಾಯಿಸುವ ವಿಧಾನ) ಬರುತ್ತವೆ. ಒಂದೇ ಡಿಸ್ಕ್ ಇದ್ದರೂ ಹಾಗೇ. ಆ ಮೋಡ್‌ನಲ್ಲಿ ಡಿಸ್ಕ್ ಇಂಟೆಲ್‌ನ ಕಂಟ್ರೋಲರ್ ಹಿಂದೆ ಅಡಗಿರುತ್ತದೆ, ಲಿನಕ್ಸ್‌ಗೆ ಕಾಣುವುದಿಲ್ಲ. ಫರ್ಮ್‌ವೇರ್‌ನಲ್ಲಿ ಅದನ್ನು ಎಹೆಚ್‌ಸಿಐ (ಡಿಸ್ಕ್‌ನ ಮಾಮೂಲಿ ಮೋಡ್) ಮಾಡಬೇಕು. ಆದರೆ ಈಗಲೇ ಹೋಗಿ ಬದಲಾಯಿಸಬೇಡಿ! ಸುಮ್ನೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ಕೊಟ್ಟು ನಿಲ್ಲುತ್ತದೆ, ಯಾಕೆಂದರೆ ಬೂಟ್ ಹೊತ್ತಿಗೆ ಅದು ಎತ್ತಿಕೊಳ್ಳುವುದು ಹಳೆಯ ಡ್ರೈವರನ್ನು ಮಾತ್ರ.

ದಾರಿ ಇದೆ. ವಿಂಡೋಸ್‌ಗೆ ಹೋಗಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಕಾನ್ಫಿಗರೇಷನ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಟಿಕ್ ಮಾಡಿ. ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುಂಚೆಯೇ ಫರ್ಮ್‌ವೇರ್‌ಗೆ ಹೋಗಿ ಎಹೆಚ್‌ಸಿಐ ಮಾಡಿ ಸೇವ್ ಮಾಡಿ. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಏಳುವಾಗ ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಅದೇ ಟಿಕ್ ತೆಗೆದು ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. ಅಷ್ಟೇ.

ಕಪ್ಪುಪರದೆ:
ಇಲ್ಲಿ ಒಂದು ಎಚ್ಚರಿಕೆ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಇರಬಹುದು, ಖಾತೆಯ ಪೂರ್ತಿ ಪಾಸ್‌ವರ್ಡ್ ಕೇಳಬಹುದು. ದಿನಾ ನಾಲ್ಕಂಕಿ ಪಿನ್ ಒತ್ತುವವರಿಗೆ ಪಾಸ್‌ವರ್ಡ್ ನೆನಪೇ ಇರುವುದಿಲ್ಲ. ಟಿಕ್ ಹಾಕುವ ಮುಂಚೆ ಅಕ್ಕನನ್ನು ಕೇಳಿ, ಮೊಬೈಲಿನಲ್ಲಿ ಆ ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ ಸರಿ ಇದೆಯಾ ಅಂತ ನೋಡಿಕೊಳ್ಳಿ. ಬಿಟ್‌ಲಾಕರ್ ಆಗಲೇ ಆಫ್ ಆಗಿರುವುದು ನಿಮ್ಮ ಪುಣ್ಯ, ಇಲ್ಲದಿದ್ದರೆ ಈ ಬದಲಾವಣೆಗೂ 48 ಅಂಕಿ ಕೇಳುವ ಸಾಧ್ಯತೆ ಇತ್ತು.

ಹೊಸಹೆಜ್ಜೆ:
ಅಕ್ಕನಿಗೆ ನೆನಪಿರಲಿಲ್ಲ, ಹೊಸ ಪಾಸ್‌ವರ್ಡ್ ಮಾಡಿಕೊಂಡೆವು. ಆಮೇಲೆ ಒಂದೊಂದೇ ಹೆಜ್ಜೆ ಮಾಡಿದೆ. ಸೇಫ್ ಮೋಡ್ ಬಂತು, ನಾಲ್ಕೂ ಮೂಲೆಯಲ್ಲಿ ಹೆಸರು ಬರೆದ ಕಪ್ಪು ಪರದೆ. ಟಿಕ್ ತೆಗೆದೆ, ರೀಸ್ಟಾರ್ಟ್ ಮಾಡಿದೆ, ಮಾಮೂಲಿ ವಿಂಡೋಸ್ ಬಂತು. ಲೈವ್ ಯುಎಸ್‌ಬಿಯಲ್ಲಿ ಈಗ ಎಸ್‌ಎಸ್‌ಡಿ ಕಾಣುತ್ತಿದೆ! ತುಂಬಾ ಧನ್ಯವಾದ.

ಒಂದು ಪ್ರಶ್ನೆ ಉಳಿದಿದೆ. ಪಟ್ಟಿಯಲ್ಲಿ ಮೊದಲು 100 ಎಂಬಿಯ ಫ್ಯಾಟ್32, ಆಮೇಲೆ 16 ಎಂಬಿಯ ಏನೋ ಒಂದು, ಆಮೇಲೆ ದೊಡ್ಡ ಎನ್‌ಟಿಎಫ್‌ಎಸ್, ನಂತರ ನಾನು ಬಿಡಿಸಿದ ಖಾಲಿ ಜಾಗ, ಕೊನೆಗೆ ಇನ್ನೊಂದು ಸಣ್ಣ ಎನ್‌ಟಿಎಫ್‌ಎಸ್ ಇದೆ. ಆ 100 ಎಂಬಿ ಸಾಕಾಗುತ್ತದಾ? ಉಬುಂಟುಗೆ ಬೇರೆ ಇಎಫ್‌ಐ ಪಾರ್ಟಿಷನ್ ಮಾಡಬೇಕಾ?

ಟರ್ಮಿನಲ್‌ಗೆಳೆಯ:
ಮೊದಲನೆಯದು ಇಎಫ್‌ಐ ಪಾರ್ಟಿಷನ್, 16 ಎಂಬಿಯದು ಮೈಕ್ರೋಸಾಫ್ಟ್ ಕಾಯ್ದಿಟ್ಟದ್ದು, ದೊಡ್ಡದು ಸಿ ಡ್ರೈವ್, ಕೊನೆಯದು ರಿಕವರಿ. ನಾಲ್ಕನ್ನೂ ಹಾಗೇ ಬಿಡಿ. ನಿಮ್ಮದು ಆ ಖಾಲಿ ಜಾಗ ಮಾತ್ರ.

ಉಬುಂಟುಗೆ ಆ 100 ಎಂಬಿ ಸಾಕು. ಇಎಫ್‌ಐ ಪಾರ್ಟಿಷನ್‌ನಲ್ಲಿ ಅದು ಇಡುವುದು ಶಿಮ್ ಮತ್ತು ಗ್ರಬ್‌ನ (ಯಾವ ಸಿಸ್ಟಮ್ ಬೇಕು ಅಂತ ಕೇಳುವ ಬೂಟ್‌ಲೋಡರ್) ಕೆಲವೇ ಎಂಬಿ, ಕರ್ನಲ್‌ಗಳು ಎಕ್ಸ್‌ಟ್4 ಒಳಗೆ ಇರುತ್ತವೆ. ಸಿಸ್ಟಮ್‌ಡಿ ಬೂಟ್ ಅನ್ನುವ ಬೇರೆ ಬೂಟ್‌ಲೋಡರ್ ಬಳಸುವ ಪಾಪ್ ಓಎಸ್‌ನಂಥ ಲಿನಕ್ಸ್‌ಗಳು ಕರ್ನಲನ್ನೇ ಅಲ್ಲಿ ಇಡುತ್ತವೆ, ಅವಕ್ಕೆ 100 ಸಾಲುವುದಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಮ್ಯಾನ್ಯುಯಲ್ ಪಾರ್ಟಿಷನಿಂಗ್‌ನಲ್ಲಿ ಆ ಫ್ಯಾಟ್32 ಪಾರ್ಟಿಷನ್ ಆರಿಸಿದಾಗ ಪಕ್ಕದಲ್ಲಿ ಫಾರ್ಮ್ಯಾಟ್ ಅಂತ ಒಂದು ಚಿಕ್ಕ ಚೌಕ ಇರುತ್ತದೆ. ಅದು ಖಾಲಿ ಇರಬೇಕು. ಅಲ್ಲಿ ಟಿಕ್ ಬಿದ್ದರೆ ವಿಂಡೋಸ್‌ನ ಬೂಟ್ ಫೈಲ್‌ಗಳು ಹೋಗುತ್ತವೆ. ಅಕ್ಕನ ಫೈಲ್‌ಗಳು ಸಿ ಡ್ರೈವ್‌ನಲ್ಲೇ ಇರುತ್ತವೆ, ಆದರೆ ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ. ಕೊನೆಯ ಪುಟದಲ್ಲಿ ಯಾವ ಯಾವ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ ಅಂತ ಪಟ್ಟಿ ತೋರಿಸುತ್ತದೆ. ಅದರಲ್ಲಿ ನಿಮ್ಮ ಹೊಸ ಎಕ್ಸ್‌ಟ್4 ಒಂದೇ ಇರಬೇಕು. ಬೇರೆ ಏನಾದರೂ ಕಂಡರೆ ಹಿಂದೆ ಬನ್ನಿ.

ಹಳೆಯಂತ್ರ:
ನನ್ನದು ವಿಂಡೋಸ್ 10ರ ಹಳೆಯ ಡೆಸ್ಕ್‌ಟಾಪ್. ಬಯಾಸ್ ಮೋಡ್ ಲೆಗಸಿ ಅಂತಿದೆ, ಡಿಸ್ಕ್ ಎಂಬಿಆರ್ (ಪಾರ್ಟಿಷನ್ ಪಟ್ಟಿಯ ಹಳೆಯ ವಿಧಾನ). ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ನಿಂತಿತಲ್ಲ, ಅದಕ್ಕೇ ಪಕ್ಕದಲ್ಲಿ ಲಿನಕ್ಸ್ ಹಾಕೋಣ ಅಂತ. ಈಗಾಗಲೇ ನಾಲ್ಕು ಪಾರ್ಟಿಷನ್ ಇವೆ, ಐದನೆಯದು ಮಾಡಲು ಬಿಡುತ್ತಿಲ್ಲ.

ರಾತ್ರಿಪಾಳಿ:
ಎಂಬಿಆರ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್. ಅದರಲ್ಲಿ ಒಂದನ್ನು ಬಿಟ್ಟುಕೊಟ್ಟು ಅಲ್ಲಿ ಎಕ್ಸ್‌ಟೆಂಡೆಡ್ ಮಾಡಿದರೆ ಒಳಗೆ ಬೇಕಾದಷ್ಟು ಲಾಜಿಕಲ್ ಪಾರ್ಟಿಷನ್ ಮಾಡಬಹುದು, ಲಿನಕ್ಸ್ ಅದರಲ್ಲಿ ಖುಷಿಯಾಗಿ ಇರುತ್ತದೆ. ಮದರ್‌ಬೋರ್ಡ್ ಯುಇಎಫ್‌ಐ ಬೆಂಬಲಿಸಿದರೆ ಇನ್ನೊಂದು ದಾರಿ, ಎಂಬಿಆರ್2ಜಿಪಿಟಿ ಅನ್ನುವ ಟೂಲ್. 2017ರ 1703 ಆವೃತ್ತಿಯಿಂದ ವಿಂಡೋಸ್ 10ರಲ್ಲೇ ಇದೆ, ಡೇಟಾ ಅಳಿಸದೆ ಜಿಪಿಟಿ ಮಾಡುತ್ತದೆ. ಆದರೆ ಅದಕ್ಕೆ ಮೂರಕ್ಕಿಂತ ಜಾಸ್ತಿ ಪ್ರೈಮರಿ ಇರಬಾರದು. ಅಂದರೆ ನಿಮಗೆ ಹೇಗೂ ಒಂದನ್ನು ತೆಗೆಯಲೇಬೇಕು. ತೆಗೆಯುವ ಮುಂಚೆ ಅದರಲ್ಲಿ ಏನಿದೆ ಅಂತ ತೆರೆದು ನೋಡಿ, ಬ್ಯಾಕಪ್ ಮಾಡಿ. ಪರಿವರ್ತನೆ ಆದ ತಕ್ಷಣ ಫರ್ಮ್‌ವೇರ್‌ನಲ್ಲಿ ಯುಇಎಫ್‌ಐ ಮೋಡ್‌ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ.

ಹೊಸಹೆಜ್ಜೆ:
ಆಯಿತು! ಗ್ರಬ್ ಮೆನುವಿನಲ್ಲಿ ಉಬುಂಟುವೂ ಇದೆ, ವಿಂಡೋಸ್ ಬೂಟ್ ಮ್ಯಾನೇಜರ್ ಕೂಡ ಇದೆ. ಮೊದಲು ವಿಂಡೋಸ್ ತೆರೆದು ಅಕ್ಕನನ್ನು ಕೂರಿಸಿದೆ, ಅವಳ ಸಾಫ್ಟ್‌ವೇರ್, ಕಳೆದ ತಿಂಗಳ ಲೆಕ್ಕ, ಎಲ್ಲ ಇದೆ. ಮನಸ್ಸು ಹಗುರಾಯಿತು.

ಎರಡು ವಿಷಯ ಮಾತ್ರ ಸರಿ ಇಲ್ಲ. ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಗಂಟೆಗಟ್ಟಲೆ ಹಿಂದೆ ಇರುತ್ತದೆ. ಬ್ಲೂಟೂತ್ ಮೌಸ್ ಪ್ರತಿ ಸಲ ಹೊಸದಾಗಿ ಜೋಡಿಸಬೇಕು.

ಟರ್ಮಿನಲ್‌ಗೆಳೆಯ:
ಗಡಿಯಾರ ಕೆಟ್ಟಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂತ ವಿಂಡೋಸ್ ಅಂದುಕೊಳ್ಳುತ್ತದೆ, ಲಿನಕ್ಸ್ ಅದರಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ನಿಮ್ಮ ಕಾಲವಲಯ ಯುಟಿಸಿಯಿಂದ ಎಷ್ಟು ದೂರವೋ ಅಷ್ಟೇ ವ್ಯತ್ಯಾಸ ಕಾಣುತ್ತದೆ. ಸುಲಭದ ದಾರಿ ಉಬುಂಟು ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್ ಲೋಕಲ್ ಆರ್‌ಟಿಸಿ 1 ಅಂತ ಕೊಡುವುದು. ನನಗೆ ಇಷ್ಟವಾದ ದಾರಿ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಟೈಮ್‌ಝೋನ್ ಇನ್ಫರ್ಮೇಷನ್ ಕೆಳಗೆ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಅನ್ನುವ ಡಿವರ್ಡ್ (ಸಂಖ್ಯೆ ಬರೆಯುವ ನಮೂದು) ಮಾಡಿ 1 ಕೊಡುವುದು. ಎರಡರಲ್ಲಿ ಒಂದನ್ನು ಮಾತ್ರ ಮಾಡಿ. ಎರಡನ್ನೂ ಮಾಡಿದರೆ ಮತ್ತೆ ಉಲ್ಟಾ ಆಗುತ್ತದೆ.

ಎರಡುಡಿಸ್ಕ್:
ಮೌಸ್ ಬಗ್ಗೆ ನಾನು ಹೇಳುತ್ತೇನೆ. ಜೋಡಿಸಿದಾಗ ಲ್ಯಾಪ್‌ಟಾಪ್ ಮತ್ತು ಮೌಸ್ ಒಂದು ಗುಟ್ಟಿನ ಕೀ ಹಂಚಿಕೊಳ್ಳುತ್ತವೆ. ಎರಡು ಸಿಸ್ಟಮ್ ಇದ್ದರೂ ಬ್ಲೂಟೂತ್ ಅಡಾಪ್ಟರ್ ಒಂದೇ, ಅದರ ವಿಳಾಸವೂ ಒಂದೇ. ಉಬುಂಟುವಿನಲ್ಲಿ ಜೋಡಿಸಿದರೆ ಮೌಸ್ ವಿಂಡೋಸ್‌ನ ಹಳೆಯ ಕೀ ಮರೆಯುತ್ತದೆ. ವಿಂಡೋಸ್‌ನ ಕೀಯನ್ನು ಉಬುಂಟುವಿನ ಬ್ಲೂಟೂತ್ ಫೋಲ್ಡರ್‌ಗೆ ಬರೆದು ಎರಡಕ್ಕೂ ಒಂದೇ ಕೀ ಮಾಡಬಹುದು. ಆದರೆ ನಿಮ್ಮ ಮೌಸ್ ಕೆಳಗೆ 1, 2, 3 ಅಂತ ಚಾನಲ್ ಬಟನ್ ಇದೆಯಾ ನೋಡಿ. ನಾನು 1ರಲ್ಲಿ ವಿಂಡೋಸ್, 2ರಲ್ಲಿ ಲಿನಕ್ಸ್ ಇಟ್ಟುಕೊಂಡಿದ್ದೇನೆ.

ಕಪ್ಪುಪರದೆ:
ಮುಂದಿನ ದಿನಗಳಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸಿ ಡ್ರೈವ್ ಒಳಗೆ ಉಬುಂಟುವಿನಿಂದ ಬರೆಯಬೇಡಿ, ಓದಿದರೆ ಸಾಕು. ನಾನು ಒಮ್ಮೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದೆಯೇ ಬರೆಯಲು ಹೋದೆ. ಲಿನಕ್ಸ್ ಬೇಡ ಅಂತ ಎಚ್ಚರಿಸಿ ಓದಲು ಮಾತ್ರ ಬಿಟ್ಟಿತು. ನಾನು ಹಠ ಹಿಡಿದು ಹೈಬರ್ನೇಷನ್ ಫೈಲ್ ಅಳಿಸುವ ಆಯ್ಕೆ ಕೊಟ್ಟು ಡ್ರೈವನ್ನು ಮೌಂಟ್ ಮಾಡಿದೆ, ಅಂದರೆ ತೆರೆದೆ. ಆ ದಿನ ವಿಂಡೋಸನ್ನು ಹೈಬರ್ನೇಟ್ ಮಾಡಿ ಬಂದಿದ್ದೆ ಅನ್ನುವುದು ಆಮೇಲೆ ನೆನಪಾಯಿತು. ಸೇವ್ ಮಾಡದೆ ತೆರೆದಿಟ್ಟ ಬರಹ ಪೂರ್ತಿ ಹೋಯಿತು. ಎರಡೂ ಕಡೆ ಬೇಕಾದ ಫೈಲ್‌ಗೆ ಬೇರೆ ಚಿಕ್ಕ ಪಾರ್ಟಿಷನ್ ಇಡಿ, ಎಕ್ಸ್‌ಫ್ಯಾಟ್ ಆದರೂ ಸರಿ, ಎನ್‌ಟಿಎಫ್‌ಎಸ್ ಆದರೂ ಸರಿ.

ಎರಡನೆಯದು ಅಪ್‌ಡೇಟ್. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ, ದೋಷ ಇರುವ ಗ್ರಬ್‌ಗಳನ್ನು ತಡೆಯಿತು, ಆಗ ಎರಡು ಸಿಸ್ಟಮ್ ಇದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ. ಎಸ್‌ಬಿಎಟಿ ಪರಿಶೀಲನೆ ವಿಫಲ ಅಂತ ಒಂದು ಸಾಲು ಬಂದು ಆಫ್ ಆಗುತ್ತಿತ್ತು. ಉಬುಂಟುವನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿದ್ದರೆ ಈ ಥರದ ತೊಂದರೆ ಕಡಿಮೆ. ತಿಂಗಳುಗಟ್ಟಲೆ ಒಂದನ್ನು ತೆರೆಯದೇ ಬಿಡಬೇಡಿ. ಮಾಡಿದ ಲೈವ್ ಪೆನ್‌ಡ್ರೈವ್ ಅಳಿಸಬೇಡಿ, ರಿಪೇರಿಗೆ ಅದೇ ಬೇಕು.

ಹಳೆಯಂತ್ರ:
ಒಂದು ವೇಳೆ ಮುಂದೆ ಲಿನಕ್ಸ್ ಬೇಡ ಅನಿಸಿದರೆ ಆ ಪಾರ್ಟಿಷನ್ ಡಿಲೀಟ್ ಮಾಡಿದರೆ ಆಯಿತಾ?

ಟರ್ಮಿನಲ್‌ಗೆಳೆಯ:
ಮೊದಲೇ ಡಿಲೀಟ್ ಮಾಡಬೇಡಿ. ಗ್ರಬ್ ತನ್ನ ಫೈಲ್‌ಗಳನ್ನು ಆ ಪಾರ್ಟಿಷನ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಬರೀ ಗ್ರಬ್ ಪ್ರಾಂಪ್ಟ್ ಕೊಟ್ಟು ನಿಲ್ಲುತ್ತದೆ. ಯುಇಎಫ್‌ಐ ಇದ್ದರೆ ಫರ್ಮ್‌ವೇರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲ ಸಾಲಿಗೆ ತನ್ನಿ. ವಿಂಡೋಸ್ ನೇರವಾಗಿ ಏಳುತ್ತದೆ ಅಂತ ಖಾತ್ರಿ ಆದಮೇಲೆ ಪಾರ್ಟಿಷನ್ ತೆಗೆಯಿರಿ. ನಿಮ್ಮ ಹಾಗೆ ಲೆಗಸಿ ಆದರೆ ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಂಬಿಆರ್ ಸರಿಪಡಿಸಿಕೊಳ್ಳಬೇಕು.

ಹೊಸಹೆಜ್ಜೆ, ಬಿಟ್‌ಲಾಕರ್ ವಾಪಸ್ ಆನ್ ಮಾಡಿದಿರಾ? ಗ್ರಬ್ ಮೂಲಕ ವಿಂಡೋಸ್ ತೆರೆದರೆ ಕೆಲವು ಯಂತ್ರಗಳಲ್ಲಿ ಅದು ರಿಕವರಿ ಕೀ ಕೇಳುತ್ತದೆ, ಬೂಟ್ ದಾರಿ ಬದಲಾಗಿದೆ ಅಂತ ಅದಕ್ಕೆ ಅನುಮಾನ. ಹಾಗಾದರೆ ಫರ್ಮ್‌ವೇರ್‌ನ ಬೂಟ್ ಮೆನುವಿನಿಂದಲೇ ವಿಂಡೋಸ್ ಆರಿಸಿ.

ಹೊಸಹೆಜ್ಜೆ:
ಆನ್ ಮಾಡಿದೆ. ಗ್ರಬ್‌ನಿಂದ ಹೋದಾಗ ಒಂದು ಸಲ ಕೇಳಿತು, ಹೊಸ ಕೀ ಬರೆದಿಟ್ಟಿದ್ದೆ, ಕೊಟ್ಟೆ, ತೆರೆಯಿತು. ಈಗ ವಿಂಡೋಸನ್ನು ಮೊದಲ ಸಾಲಿಗೆ ಇಟ್ಟಿದ್ದೇನೆ. ಅಕ್ಕ ಬಟನ್ ಒತ್ತಿದರೆ ಅವಳ ವಿಂಡೋಸ್ ನೇರ ಬರುತ್ತದೆ, ನನಗೆ ಬೇಕಾದಾಗ ಬೂಟ್ ಮೆನು ಕೀ ಒತ್ತಿ ಉಬುಂಟು ಆರಿಸುತ್ತೇನೆ. ಗಡಿಯಾರ ರಿಜಿಸ್ಟ್ರಿ ದಾರಿಯಲ್ಲಿ ಸರಿಹೋಯಿತು. ಮೌಸ್‌ನಲ್ಲಿ ಚಾನಲ್ ಬಟನ್ ಇಲ್ಲ, ಆ ಕೀ ಬರೆಯುವುದನ್ನು ಈ ವಾರ ಪ್ರಯತ್ನಿಸುತ್ತೇನೆ. ಹೊಸ ಕೀಯ ಕಾಗದ ಅಕ್ಕನ ಡೈರಿಯಲ್ಲಿದೆ.